ಬದಿಯಡ್ಕಕ್ಕೆ ಮದುವೆಗೆ ಬರ್ತಿದ್ದೇವೆ, ಕಾಸರಗೋಡಿನ ಸುತ್ತ ಎರಡು ದಿನ ಕಮ್ಮಿ ಖರ್ಚಲ್ಲಿ ಏನೇನು ನೋಡಬಹುದು?

ಬೆಣ್ಣೆನಗರಿ

ಎಲ್ಲರಿಗೂ ನಮಸ್ಕಾರ. ಫೆಬ್ರವರಿಯಲ್ಲಿ ಒಂದು ಮದುವೆ ಇದೆ, ದಾವಣಗೆರೆಯಿಂದ ಬದಿಯಡ್ಕಕ್ಕೆ ಬರ್ತಾ ಇದೀವಿ. ಮದುವೆ ಸೋಮವಾರ. ಮಂಗಳೂರಿನವರೆಗೆ ರಾತ್ರಿ ಬಸ್ಸು, ಶನಿವಾರ ಬೆಳಿಗ್ಗೆ ಬೇಗನೇ ಬದಿಯಡ್ಕ ಸೇರ್ತೀವಿ. ಉಳ್ಕೊಳ್ಳೋಕೆ ಮದುವೆ ಮನೆಯವರೇ ಅಲ್ಲೇ ಮನೆ ಕೊಡಿಸಿದಾರೆ, ಲಾಡ್ಜ್ ಖರ್ಚಿಲ್ಲ. ನಾನು, ನಮ್ಮ ಯಜಮಾನ್ರು, ಅತ್ತೆ, ಎಂಟನೇ ಕ್ಲಾಸಿನ ಮಗಳು, ನಾಲ್ಕನೇ ಕ್ಲಾಸಿನ ಮಗ, ಹೀಗೆ ಐದು ಜನ.

ಬಟ್ಟೆ, ಉಡುಗೊರೆ ಅಂತ ಆಗಲೇ ಕೈ ಖಾಲಿ ಆಗಿದೆ. ಟ್ಯಾಕ್ಸಿ ವಿಚಾರಿಸಿದ್ರೆ ಒಂದು ದಿನಕ್ಕೇ ಮೂರು ಸಾವಿರದ ಮೇಲೆ ಹೇಳ್ತಾರೆ. ನಮಗೆ ಎರಡೂ ದಿನದ ಊಟ, ಓಡಾಟ ಎಲ್ಲಾ ಸೇರಿ ಎರಡೂವರೆ ಸಾವಿರದೊಳಗೆ ಆಗಬೇಕು. ಹಾಗಂತ ಮಕ್ಕಳನ್ನ ಎರಡು ದಿನ ರೂಮಲ್ಲಿ ಕೂರಿಸೋಕೆ ಮನಸ್ಸು ಬರ್ತಿಲ್ಲ. ಮಗ ಇನ್ನೂ ಸಮುದ್ರ ನೋಡಿಲ್ಲ. ಆ ಕಡೆಯವರು ದಯವಿಟ್ಟು ತಿಳಿಸಿ. ಬಸ್ಸಲ್ಲಿ ಓಡಾಡೋಕೆ ನಮಗೆ ಏನೂ ಬೇಜಾರಿಲ್ಲ.

ಉಪ್ಪಳ ಗೇಟ್

ಬೇಕಲ ಕೋಟೆ ನೋಡದೆ ಹೋಗಬೇಡಿ. ಸಮುದ್ರವೂ ಅಲ್ಲೇ ಆಯ್ತು. ಬೆಳಿಗ್ಗೆ ಬೇಗ ಏಳುವವರಾದರೆ, ಮದುವೆ ಮನೆಯವರ ಯಾರದ್ದಾದರೂ ಜೀಪು ಆ ಕಡೆ ಹೋಗುವುದಿದ್ದರೆ, ಪೊಸಡಿಗುಂಪೆ ಗುಡ್ಡ ಹತ್ತಿ. ಧರ್ಮತ್ತಡ್ಕದ ಹತ್ತಿರ. ಸಾವಿರ ಅಡಿಯ ಮೇಲೆ ಎತ್ತರ ಉಂಟು. ಆಕಾಶ ಶುಭ್ರ ಇದ್ದರೆ ಒಂದು ಬದಿಯಲ್ಲಿ ಕಡಲು, ಇನ್ನೊಂದು ಬದಿಯಲ್ಲಿ ಕುದುರೆಮುಖದ ಬೆಟ್ಟಸಾಲು ಕಾಣ್ತದೆ. ಬಸ್ಸಲ್ಲಿ ಹೋಗಿ ಬರುವುದು ಸ್ವಲ್ಪ ಕಷ್ಟ, ಹಾಗಾಗಿ ವಾಹನ ಸಿಕ್ಕಿದರೆ ಮಾತ್ರ.

ನಿವೃತ್ತ ಕಂಡಕ್ಟರ್, ನೀರ್ಚಾಲು

ತಂಗೀ, ಕುಂಬಳೆ–ಬದಿಯಡ್ಕ ರೂಟಿನ ಪ್ರೈವೇಟ್ ಬಸ್ಸಿನಲ್ಲಿ ಟಿಕೆಟ್ ಹರಿದು ಸಂಸಾರ ಸಾಕಿದವ ನಾನು. ನಿಮಗೆ ಟ್ಯಾಕ್ಸಿ ಬೇಡ. ಬದಿಯಡ್ಕದಲ್ಲಿ ಉಳಿಯುವವರಿಗೆ ಬಹಳ ಅನುಕೂಲ ಉಂಟು, ಅಲ್ಲಿಂದ ಒಂದು ಮಾರ್ಗ ನೀರ್ಚಾಲು, ಬೇಳ, ಸೀತಾಂಗೋಳಿಯ ಮೇಲೆ ಕುಂಬಳೆಗೆ ಇಳೀತದೆ, ಇನ್ನೊಂದು ಎಡನೀರು, ಚೆರ್ಕಳದ ಮೇಲೆ ಕಾಸರಗೋಡಿಗೆ. ಒಂದು ದಿನ ಆ ಮಾರ್ಗ, ಒಂದು ದಿನ ಈ ಮಾರ್ಗ. ನೋಡಬೇಕಾದ್ದೆಲ್ಲ ಈ ಎರಡರ ಬದಿಯಲ್ಲೇ ಸಿಗ್ತದೆ. ನಮ್ಮಲ್ಲಿ ಬಸ್ಸಿನ ಮಿನಿಮಮ್ ಚಾರ್ಜು ಹತ್ತು ರೂಪಾಯಿ, ಸಣ್ಣವನಿಗೆ ಅರ್ಧ ಟಿಕೆಟ್.

ಒಂದು ಮಾತು ಮೊದಲೇ ಹೇಳ್ತೇನೆ. ಘಟ್ಟದ ಮೇಲಿನಿಂದ ಬರುವ ನಮ್ಮ ಕನ್ನಡದವರು ಸೀದಾ ಬೇಕಲಕ್ಕೆ ಹೋಗಿ, ಕೋಟೆಯ ಮೇಲೆ ಫೋಟೋ ತೆಗೆದು, ಹಾಗೇ ಮಂಗಳೂರಿಗೆ ತಿರುಗಿ ಬಿಡ್ತಾರೆ. ಅದು ಕಂಡಾಗೆಲ್ಲ ನನಗೆ ಬೇಸರ ಆಗ್ತದೆ. ಚಂದ್ರಗಿರಿ ಹೊಳೆಯ ಈಚೆ ದಡದಲ್ಲಿ ಕನ್ನಡದ ಊರುಗಳು ಉಂಟು, ಯಕ್ಷಗಾನದ ಆಟ ಉಂಟು, ದೈವದ ಕೋಲ ಉಂಟು, ಮಠ ಉಂಟು. ಇವುಗಳಲ್ಲಿ ಹೆಚ್ಚಿನವಕ್ಕೆ ಟಿಕೆಟ್ ಇಲ್ಲ. ಬಂದವರನ್ನು ಕೂರಿಸಿ ಊಟ ಹಾಕಿ ಕಳಿಸುವ ಜಾಗಗಳು ಅವು. ಬೇಕಲ ಖಂಡಿತ ನೋಡಿ, ಆದರೆ ಇವನ್ನು ಬಿಟ್ಟು ಹೋಗಬೇಡಿ.

ಶನಿವಾರ ಕುಂಬಳೆ ಮಾರ್ಗ ಹಿಡೀರಿ. ಬೇಳದಲ್ಲಿ ಹಳೇ ಇಗರ್ಜಿ, ಅಂದರೆ ಚರ್ಚು, ಉಂಟು, 1890ರದ್ದು, ಗೋಥಿಕ್ ಮಾದರಿಯದ್ದು. ಸಮಯ ಇದ್ದರೆ ಇಳಿದು ನೋಡಿ, ಇಲ್ಲದಿದ್ದರೆ ಮುಂದೆ ಹೋಗಿ. ನೀವು ಇಳಿಯಲೇಬೇಕಾದ್ದು ನಾಯ್ಕಾಪಿನಲ್ಲಿ. ಅಲ್ಲಿಂದ ಒಳಗೆ ಅನಂತಪುರಕ್ಕೆ ದಾರಿ ಹೋಗ್ತದೆ. ಕಾಲಿಗೆ ಬಲ ಇದ್ದವರು ನಡೀಬಹುದು, ಅತ್ತೆಯವರಿಗೆ ಆಟೋ ಮಾಡಿ. ಎರಡೂ ಬದಿ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಬಯಲು ಪದವು, ನೆರಳು ಇಲ್ಲ, ಹಾಗಾಗಿ ಒಂಬತ್ತು ಗಂಟೆಯೊಳಗೆ ಅಲ್ಲಿ ತಲುಪುವ ಹಾಗೆ ಹೊರಡಿ.

ಅನಂತಪುರದ ದೇವಸ್ಥಾನ ಕೆರೆಯ ನಡುವಿನಲ್ಲಿ ಉಂಟು. ಕೇರಳದಲ್ಲಿ ಕೆರೆಯೊಳಗಿನ ದೇವಸ್ಥಾನ ಇದೊಂದೇ. ಮುರಕಲ್ಲು ಕಡಿದು ಮಾಡಿದ ಚೌಕದ ಕೆರೆ, ಸುತ್ತ ಕಲ್ಲಿನ ಗೋಡೆ, ಮಧ್ಯದಲ್ಲಿ ಗುಡಿ, ಗುಡಿಗೆ ಹೋಗ್ಲಿಕ್ಕೆ ಸಣ್ಣ ಸಂಕ, ಅಂದರೆ ಸೇತುವೆ. ತಿರುವನಂತಪುರದ ಅನಂತಪದ್ಮನಾಭನಿಗೆ ಇದೇ ಮೂಲಸ್ಥಾನ ಅಂತ ಹಿರಿಯರ ನಂಬಿಕೆ. ಕೆರೆಯ ಒಂದು ಮೂಲೆಯಲ್ಲಿ ಗುಹೆ ಉಂಟು. ಮುನಿಗೆ ಸೇವೆ ಮಾಡುತ್ತಿದ್ದ ಹುಡುಗ ಸಿಟ್ಟಾಗಿ ಆ ಗುಹೆಯೊಳಗೆ ಮಾಯ ಆದ, ಅವನನ್ನು ಹುಡುಕುತ್ತಾ ಹೋದ ಮುನಿ ತಿರುವನಂತಪುರ ತಲುಪಿದ ಅಂತ ಕತೆ. ಮಕ್ಕಳಿಗೆ ಈ ಕತೆಯನ್ನು ಗುಹೆಯ ಬಾಯಿಯ ಹತ್ತಿರ ನಿಂತೇ ಹೇಳಿ.

ಬಬಿಯಾ ಹೆಸರು ನೀವು ಕೇಳಿರಬಹುದು. ಈ ಕೆರೆಯಲ್ಲಿದ್ದ ಮೊಸಳೆ ಅದು. ದೇವಸ್ಥಾನದ ನೈವೇದ್ಯದ ಅನ್ನ ತಿನ್ನುತ್ತಿತ್ತು, ಯಾರಿಗೂ ಒಂದು ಗಾಯ ಮಾಡಿದ್ದಿಲ್ಲ. 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ನಮ್ಮ ಬಸ್ಸುಗಳು ಆ ಕಡೆಗೆ ತುಂಬಿ ಹೋಗುತ್ತಿದ್ದವು, ಮನೆಯ ಹಿರಿಯರೊಬ್ಬರನ್ನು ಕಳಕೊಂಡ ಹಾಗೆ ಜನ ಅತ್ತಿದ್ದಾರೆ. ಮಾರನೇ ವರ್ಷ ಅದೇ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿತು. ಎಲ್ಲಿಂದ ಬಂತು ಅಂತ ಯಾರೂ ನೋಡಿದವರಿಲ್ಲ. ಹಳೇ ಮೂರ್ತಿಗಳ ವಿಷಯವನ್ನೂ ಅಲ್ಲಿ ಕೇಳಿ. ಅವು ಕಲ್ಲಿನವೂ ಅಲ್ಲ, ಲೋಹದವೂ ಅಲ್ಲ, ಹತ್ತಾರು ಬಗೆಯ ವಸ್ತು ಸೇರಿಸಿ ಮಾಡುವ ಕಡುಶರ್ಕರ ಪಾಕದವು.

ಮಧ್ಯಾಹ್ನ ನಡೆ ಮುಚ್ಚುವ ಮೊದಲು ಮುಗಿಸಿ ಕುಂಬಳೆಗೆ ಬನ್ನಿ. ಪೇಟೆಯ ಹತ್ತಿರವೇ ಕಣಿಪುರ ಗೋಪಾಲಕೃಷ್ಣನ ದೇವಸ್ಥಾನ. ಜನವರಿಯ ಜಾತ್ರೆಯಲ್ಲಿ ಕುಂಬಳೆ ಬೆಡಿ ಅಂತ ಸುಡುಮದ್ದಿನ ದೊಡ್ಡ ಗೌಜಿ ನಡೀತದೆ, ನೀವು ಬರುವಾಗ ಅದು ಕಳೆದಿರ್ತದೆ. ಯಕ್ಷಗಾನದ ಪಿತಾಮಹ ಅಂತ ನಾವು ಹೇಳುವ ಪಾರ್ತಿಸುಬ್ಬ ಇದೇ ಕುಂಬಳೆ ಸೀಮೆಯವ. ಕುಂಬಳೆಯಿಂದ ಕಾಸರಗೋಡಿಗೆ ಬಸ್ಸು ಧಾರಾಳ ಉಂಟು. ಆದರೆ ಮಕ್ಕಳಿರುವುದರಿಂದ ನಾನು ಹೇಳುವುದು ರೈಲು. ಪ್ಯಾಸೆಂಜರಿನ ಸಮಯ ಮೊದಲೇ ನೋಡಿಟ್ಟುಕೊಳ್ಳಿ. ಟಿಕೆಟ್ ಹತ್ತು ರೂಪಾಯಿಯ ಆಸುಪಾಸು. ಪಡುವಣ ಬದಿಯ ಕಿಟಕಿ ಹಿಡಿದು ಕೂರಿ, ಮೊಗ್ರಾಲ್ ಹೊಳೆಯ ಸಂಕ ದಾಟುವಾಗ ಹೊಳೆ ಕಡಲಿಗೆ ಸೇರುವ ಜಾಗದ ಕಡೆಗೆ ನೋಟ ಹೋಗ್ತದೆ. ಆ ಹೊಳೆಯೇ ಮಧುವಾಹಿನಿ. ಸಂಜೆ ನೀವು ಮಧೂರಿಗೆ ಹೋಗುವಾಗ ಅದೇ ನೀರು ದೇವಸ್ಥಾನದ ಎದುರು ಹರಿಯುವುದು ಕಾಣ್ತದೆ. ಇಳಿದು ಕಾಲು ತೊಳೀಬಹುದು.

ಮಧೂರು ಕಾಸರಗೋಡು ಪೇಟೆಯಿಂದ ಏಳೆಂಟು ಕಿಲೋಮೀಟರ್, ಬಸ್ಸು ಆಗಾಗ ಉಂಟು. ಹೆಸರಿಗೆ ಮದನಂತೇಶ್ವರನ ದೇವಸ್ಥಾನ, ಜನ ಬರುವುದು ಗಣಪತಿಗೆ. ಮೂರು ಅಂತಸ್ತಿನ ತಾಮ್ರದ ಮಾಡು (ಛಾವಣಿ), ಹಿಂದಿನಿಂದ ನೋಡಿದರೆ ಆನೆಯ ಬೆನ್ನಿನ ಆಕಾರ. ಗರ್ಭಗುಡಿಯ ಗೋಡೆಯಲ್ಲಿ ಮಕ್ಕಳು ಬರೆದ ಗಣಪತಿ ದಿನದಿಂದ ದಿನಕ್ಕೆ ದಪ್ಪ ಆಗುತ್ತಾ ಬಂದ, ಅದಕ್ಕೇ ಬೊಡ್ಡಜ್ಜ ಅನ್ನುತ್ತಾರೆ. ನಮಸ್ಕಾರ ಮಂಟಪದ ಮರದ ಕೆತ್ತನೆಯಲ್ಲಿ ರಾಮಾಯಣ ಉಂಟು, ನಿಮ್ಮ ಮಗಳಿಗೆ ಪಾತ್ರಗಳ ಗುರುತು ಹಿಡಿಯಲು ಹೇಳಿ. ಅಪ್ಪ ಅನ್ನುವ ಸಿಹಿ ತಿಂಡಿಯ ಪ್ರಸಾದ ತಕ್ಕೊಳ್ಳದೆ ಬರಬೇಡಿ. 1992ರ ನಂತರ 2025ರಲ್ಲಿ ಇಲ್ಲಿ ಮೂಡಪ್ಪ ಸೇವೆ ಆಯ್ತು, ಗಣಪತಿಯನ್ನು ಅಪ್ಪದ ರಾಶಿಯಲ್ಲಿ ಮುಚ್ಚುವ ಸೇವೆ. ಅದನ್ನು ಕಣ್ಣಲ್ಲಿ ಕಂಡ ಪುಣ್ಯ ನನ್ನದು. ನಮ್ಮ ದೇವಸ್ಥಾನಗಳಲ್ಲಿ ಸಾಮಾನ್ಯವಾಗಿ ಗಂಡಸರು ಅಂಗಿ ತೆಗೆದೇ ಒಳಗೆ ಹೋಗುವುದು, ಯಜಮಾನರಿಗೆ ಒಂದು ಶಾಲು ಇಟ್ಟುಕೊಳ್ಳಲಿಕ್ಕೆ ಹೇಳಿ.

ಆದಿತ್ಯವಾರದ್ದು ಮತ್ತೆ ಬರೀತೇನೆ, ಈಗ ಊಟಕ್ಕೆ ಕರೀತಾ ಇದ್ದಾರೆ.

ನಿವೃತ್ತ ಕಂಡಕ್ಟರ್, ನೀರ್ಚಾಲು

ಮುಂದುವರಿಸ್ತೇನೆ. ಆದಿತ್ಯವಾರ ಚೆರ್ಕಳ ಮಾರ್ಗದ ಬಸ್ಸು ಹತ್ತಿ ಎಡನೀರಿನಲ್ಲಿ ಇಳೀರಿ. ಅಲ್ಲಿಯ ಮಠ ನೋಡಿ. ನಿಮ್ಮ ಮಗಳು ಎಂಟನೇ ಕ್ಲಾಸು ಅಂದಿರಿ, ಸಮಾಜ ಪಾಠದಲ್ಲಿ ಸಂವಿಧಾನ ಬಂದಿರ್ತದೆ. ಕೇಶವಾನಂದ ಭಾರತಿ ಪ್ರಕರಣ ಅಂತ ಇಡೀ ದೇಶದ ವಕೀಲರು ಓದುವ ಕೇಸು ಹುಟ್ಟಿದ್ದು ಈ ಮಠದಿಂದ. ಕೇರಳದ ಭೂಸುಧಾರಣೆಯಲ್ಲಿ ಮಠದ ಭೂಮಿ ಹೋಗುವ ಪ್ರಶ್ನೆ ಬಂದಾಗ ಇಲ್ಲಿಯ ಸ್ವಾಮಿಗಳು ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಾಧೀಶರು ಕೂತು ಕೇಳಿದ ಕೇಸು ಅದು. 1973ರ ಏಪ್ರಿಲ್ 24ರಂದು 7–6ರಲ್ಲಿ ತೀರ್ಪು ಬಂತು. ಪಾರ್ಲಿಮೆಂಟ್ ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವ ಹಾಗಿಲ್ಲ ಅಂತ ಆ ತೀರ್ಪು ಹೇಳ್ತದೆ. ಸ್ವಾಮಿಗಳು 2020ರ ಸೆಪ್ಟೆಂಬರಿನಲ್ಲಿ ಮುಕ್ತರಾದರು. ಯಕ್ಷಗಾನ ಅಂದರೆ ಅವರಿಗೆ ಪ್ರಾಣ, ಸ್ವತಃ ಭಾಗವತಿಕೆ, ಅಂದರೆ ಆಟದ ಹಾಡುಗಾರಿಕೆ, ಮಾಡುತ್ತಿದ್ದರು. ಅಡಿಕೆ ತೋಟದ ನಡುವಿನ ಆ ಮಠದ ಅಂಗಳದಲ್ಲಿ ಮಗಳನ್ನು ನಿಲ್ಲಿಸಿ ಇದನ್ನು ಹೇಳಿ, ಪಾಠದಲ್ಲಿ ಓದಿದ್ದಕ್ಕಿಂತ ಹೆಚ್ಚು ನೆನಪಿರ್ತದೆ.

ಅಲ್ಲಿಂದ ಕಾಸರಗೋಡು. ಪೇಟೆಯಿಂದ ಕಾಞಂಗಾಡಿಗೆ ಕಡಲ ಬದಿಯ ಮಾರ್ಗವಾಗಿ, ನಮ್ಮ ಭಾಷೆಯಲ್ಲಿ ಚಂದ್ರಗಿರಿ ರೂಟಿನಲ್ಲಿ, ಹೋಗುವ ಬಸ್ಸನ್ನೇ ಕೇಳಿ ಹತ್ತಿ. ಹೊಳೆಯ ಸಂಕ ದಾಟಿದ ಮೇಲೆ ಮೇಲ್ಪರಂಬದಲ್ಲಿ ಇಳಿದರೆ ಚಂದ್ರಗಿರಿ ಕೋಟೆ ಹತ್ತಿರ. ಬೇಕಲದಷ್ಟು ದೊಡ್ಡದಲ್ಲ, ಏಳು ಎಕರೆಯ ಆಸುಪಾಸು. ಜನ ಕಮ್ಮಿ. ಗೋಡೆಯ ಮೇಲೆ ನಿಂತರೆ ಕೆಳಗೆ ಹೊಳೆ, ರೈಲಿನ ಸಂಕ, ತೆಂಗಿನ ತೋಟ, ಆಚೆಗೆ ಕಡಲು. 1956ರಲ್ಲಿ ನಮ್ಮ ತಾಲೂಕು ಕೇರಳಕ್ಕೆ ಸೇರಿತು. 1967ರಲ್ಲಿ ಗಡಿ ವಿವಾದ ವಿಚಾರಿಸಿದ ಮಹಾಜನ ಆಯೋಗ ಈ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಅಂತ ಹೇಳಿತು. ನನ್ನ ಅಪ್ಪನ ಕಾಲದವರು ಈ ಹೊಳೆಯ ಹೆಸರು ಎತ್ತಿದರೆ ಗಂಟೆಗಟ್ಟಲೆ ಮಾತಾಡುತ್ತಿದ್ದರು. ನಿಮ್ಮ ಮಕ್ಕಳು ಅದನ್ನು ಒಮ್ಮೆ ಕೋಟೆಯ ಮೇಲಿನಿಂದ ನೋಡಲಿ ಅಂತ ನನ್ನ ಆಸೆ.

ಮತ್ತೆ ಅದೇ ರೂಟಿನ ಬಸ್ಸಿನಲ್ಲಿ ಬೇಕಲ. ಕಾಸರಗೋಡಿನಿಂದ ಒಟ್ಟು 16 ಕಿಲೋಮೀಟರ್. ಕೋಟೆಗೆ ದೊಡ್ಡವರಿಗೆ 25 ರೂಪಾಯಿ ಟಿಕೆಟ್, 15 ವರ್ಷದ ಒಳಗಿನ ಮಕ್ಕಳಿಗೆ ಇಲ್ಲ. ಅಂದರೆ ನಿಮಗೆ 75 ರೂಪಾಯಿ, ನಾನು ಹೇಳಿದ್ದರಲ್ಲಿ ಟಿಕೆಟ್ ಇರುವುದು ಇದೊಂದಕ್ಕೇ. ಕಟ್ಟಿಸಿದವ ಕೆಳದಿಯ ಶಿವಪ್ಪ ನಾಯಕ, 1650ರ ಸುಮಾರಿಗೆ. ಕೆಳದಿ ನಿಮ್ಮ ಪಕ್ಕದ ಶಿವಮೊಗ್ಗ ಜಿಲ್ಲೆಯದ್ದೇ ಅಲ್ಲವಾ, ನಿಮ್ಮ ಕಡೆಯ ಅರಸು ಇಲ್ಲಿ ಕಡಲಿಗೆ ಮುಖಮಾಡಿ ಕಟ್ಟಿಸಿದ ಕೋಟೆ ಇದು. ಆಮೇಲೆ ಹೈದರನ ಕೈಗೆ, ಟಿಪ್ಪುವಿನ ಕೈಗೆ, 1799ರ ನಂತರ ಕಂಪೆನಿಯ ಕೈಗೆ ಹೋಯ್ತು. ಕಾಸರಗೋಡು ತಾಲೂಕು ಆಗುವ ಮೊದಲು, 1862ರ ತನಕ, ಬೇಕಲವೇ ತಾಲೂಕು ಆಗಿತ್ತು.

ಒಳಗೆ ಹೋದವರು ನೇರ ಕಡಲ ಬದಿಯ ಬುರುಜಿಗೆ ಓಡ್ತಾರೆ. ನೀವು ಸ್ವಲ್ಪ ನಿಧಾನ ಮಾಡಿ. ಹೊರಗೋಡೆಯಲ್ಲಿ ಕೋವಿ ಇಡುವ ಕಂಡಿಗಳು ಉಂಟು, ಒಂದೊಂದು ಜಾಗದಲ್ಲಿ ಮೇಲೆ, ನಡುವೆ, ಕೆಳಗೆ ಅಂತ. ಮಗನಿಗೆ ಒಂದೊಂದರಲ್ಲೂ ಕಣ್ಣಿಟ್ಟು ನೋಡಲು ಹೇಳಿ. ಮೇಲಿನ ಕಂಡಿಯಲ್ಲಿ ದೂರದ ಜಾಗ ಕಾಣ್ತದೆ, ನಡುವಿನದ್ದರಲ್ಲಿ ಹತ್ತಿರದ್ದು, ಕೆಳಗಿನದ್ದರಲ್ಲಿ ಗೋಡೆಯ ಬುಡ. ವೈರಿ ಎಷ್ಟು ಹತ್ತಿರ ಬಂದರೂ ಒಂದಲ್ಲ ಒಂದು ಕಂಡಿಗೆ ಸಿಗುವ ಹಾಗೆ ಓರೆ ಲೆಕ್ಕ ಹಾಕಿ ಕಟ್ಟಿದ್ದಾರೆ. ನಾನು ಮೊಮ್ಮಕ್ಕಳನ್ನು ಕರಕೊಂಡು ಹೋದಾಗ ಅರ್ಧ ಗಂಟೆ ಅಲ್ಲೇ ನಿಂತಿದ್ದರು. ಮೆಟ್ಟಿಲಿರುವ ನೀರಿನ ಕೊಳ, ಮದ್ದಿನ ಮನೆ, ತೆಂಕು ಬದಿಗೆ ತೆರೆಯುವ ಸುರಂಗ, ಎತ್ತರದ ಕಾವಲು ಬುರುಜು, ಎಲ್ಲಾ ನೋಡಿ. ಬಾಗಿಲ ಹತ್ತಿರ ಆಂಜನೇಯನ ಗುಡಿ ಉಂಟು. ಸೂರ್ಯ ಮುಳುಗುವ ಮೊದಲೇ ಕೋಟೆ ಮುಚ್ಚುತ್ತಾರೆ, ಹಾಗಾಗಿ ಸೂರ್ಯಾಸ್ತಕ್ಕೆ ಕೆಳಗಿನ ಹೊಯ್ಗೆಗೆ, ಅಂದರೆ ಮರಳಿಗೆ, ಇಳಿಯಿರಿ. ಪಳ್ಳಿಕ್ಕೆರೆ ಬೀಚ್ ಪಾರ್ಕಿಗೆ ಬೇರೆ ಟಿಕೆಟ್ ಆಗ್ತದೆ. ಅದು ಬೇಡ ಅಂತ ಆದರೆ ಮೊದಲೇ ಕಾಪ್ಪಿಲ್ ಕಡೆ ಇಳಿದು ನೋಡಿ, ಹೊಯ್ಗೆ ಅಲ್ಲಿಯೂ ಚೆಂದ ಉಂಟು, ಗದ್ದಲ ಇಲ್ಲ. ಸಣ್ಣವ ಮೊದಲ ಸಲ ಕಡಲು ನೋಡುವವ, ಕೈ ಬಿಡಬೇಡಿ. ಮೊಣಕಾಲಿನ ಮೇಲೆ ನೀರು ಬೇಡ, ಅಲೆಯ ಸೆಳೆತ ಜೋರು ಇರ್ತದೆ.

ಬೆಣ್ಣೆನಗರಿ

ಅಣ್ಣಾವ್ರೇ, ಇಷ್ಟು ಬಿಡಿಸಿ ಬರೆದಿದ್ದಕ್ಕೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲದು. ಯಜಮಾನ್ರಿಗೆ ಓದಿ ಹೇಳ್ದೆ, ಅವರು ಟ್ಯಾಕ್ಸಿ ವಿಚಾರ ಕೈಬಿಟ್ಟರು. ಇನ್ನು ನಾಲ್ಕು ವಿಷಯ ಕೇಳ್ಬೇಕಿತ್ತು. ಅತ್ತೆಗೆ ಮಂಡಿ ನೋವು, ಕೋಟೆ ಹತ್ತೋದು ಕಷ್ಟ, ಏನು ಮಾಡೋದು? ನಮಗೆ ಮಲಯಾಳಂ ಒಂದಕ್ಷರ ಬರಲ್ಲ, ತೊಂದರೆ ಆಗತ್ತಾ? ಆಟ, ಕೋಲ ಅಂದ್ರಲ್ಲ, ಅದು ನಮ್ಮಂಥ ಹೊರಗಿನವರು ಹೋಗಿ ನೋಡಬಹುದಾ? ಆಮೇಲೆ ಊಟಕ್ಕೆ ಎಲ್ಲಿ ಹೋದ್ರೆ ಜಾಸ್ತಿ ಆಗಲ್ಲ?

ತಳಂಗರೆ ಕಡವು

ಊಟದ ಬಗ್ಗೆ ನಾನು ಹೇಳ್ತೇನೆ ಅಕ್ಕ. ಕುಟುಂಬಶ್ರೀ ಅನ್ನುವ ಸ್ವಸಹಾಯ ಸಂಘದ ಹೆಂಗಸರು ನಡೆಸುವ ಜನಕೀಯ ಹೋಟೆಲು ಅಂತ ಕೇರಳದಲ್ಲೆಲ್ಲ ಉಂಟು. 2020ರಲ್ಲಿ ಶುರು ಆದಾಗ ಊಟಕ್ಕೆ 20 ರೂಪಾಯಿ ಇತ್ತು, ಸಬ್ಸಿಡಿ ನಿಂತ ಮೇಲೆ 30 ಆಯ್ತು. ಅನ್ನ, ಸಾರು, ಪಲ್ಯ, ಮೀನು ಬೇಕಾದವರಿಗೆ ಮೀನು ಬೇರೆ. ಒಂದು ಗಂಟೆಯೊಳಗೆ ಹೋಗಿ, ತಡ ಆದರೆ ಖಾಲಿ. ಆದಿತ್ಯವಾರ ಕೆಲವು ಮುಚ್ಚಿರ್ತದೆ, ಶನಿವಾರಕ್ಕೆ ಇಟ್ಟುಕೊಳ್ಳಿ. ಬೆಳಿಗ್ಗೆ ಬದಿಯಡ್ಕದ ಯಾವ ಸಣ್ಣ ಹೋಟ್ಲಲ್ಲಾದರೂ ಬನ್ಸ್, ಗೋಳಿಬಜೆ, ಸಜ್ಜಿಗೆ ಅವಲಕ್ಕಿ ಸಿಗ್ತದೆ. ಬಾಟ್ಲಿ ನೀರು ತಕ್ಕೊಳ್ಳುವುದು ಬೇಡ, ಇಲ್ಲಿಯ ಹೋಟೆಲುಗಳಲ್ಲಿ ಕುದಿಸಿದ ನೀರು ಕೊಡ್ತಾರೆ, ಬಾಟ್ಲಿ ಕೊಟ್ಟು ತುಂಬಿಸಿಕೊಡಿ ಅಂದರೆ ತುಂಬಿಸ್ತಾರೆ. ಐದು ಜನರಿಗೆ ದಿನಕ್ಕೆ ನೂರು ರೂಪಾಯಿ ಅದರಲ್ಲೇ ಉಳೀತದೆ. ಮಕ್ಕಳಿಗೆ ಅವಿಲ್ ಮಿಲ್ಕ್ ಕೊಡಿಸಿ: ಹಿಸುಕಿದ ಬಾಳೆಹಣ್ಣು, ತಣ್ಣಗಿನ ಹಾಲು, ಮೇಲೆ ಹುರಿದ ಅವಲಕ್ಕಿ, ನೆಲಗಡಲೆ. ಒಂದು ಗ್ಲಾಸು ಕುಡಿದರೆ ಸಂಜೆಯವರೆಗೆ ಹಸಿವೆ ಆಗುವುದಿಲ್ಲ.

ಕಾಸರಗೋಡು ಪೇಟೆಯಲ್ಲಿ ಒಂದು ಗಂಟೆ ಸಮಯ ಇದ್ದರೆ ನಮ್ಮ ತಳಂಗರೆಗೆ ಬನ್ನಿ. ಮಾಲಿಕ್ ದೀನಾರ್ ಜುಮಾ ಮಸೀದಿ ಇರುವುದು ಇಲ್ಲಿ. ಅರಬ್ ಕಡೆಯಿಂದ ಧರ್ಮ ಪ್ರಚಾರಕ್ಕೆ ಬಂದರು ಅಂತ ಹೇಳುವ ಮಾಲಿಕ್ ದೀನಾರರ ವಂಶದ ಮಾಲಿಕ್ ಇಬ್ನ್ ಮುಹಮ್ಮದರ ಸಮಾಧಿ ಉಂಟು ಅಂತ ನಂಬಿಕೆ, ಎಲ್ಲಾ ಜಾತಿ ಧರ್ಮದವರು ಹರಕೆ ಹೊತ್ತು ಬರ್ತಾರೆ. ತಲೆಗೆ ಸೆರಗು ಹಾಕಿ, ನಮಾಜಿನ ಹೊತ್ತು ಬಿಟ್ಟು ಬನ್ನಿ, ಎಲ್ಲಿಯ ತನಕ ಹೋಗಬಹುದು ಅಂತ ಅಲ್ಲಿರುವವರು ತೋರಿಸಿಕೊಡ್ತಾರೆ. ತಳಂಗರೆ ಟೊಪ್ಪಿ ಕೇಳಿದ್ದೀರಾ? ಬಿಳಿ ಬಟ್ಟೆಯ ಮೇಲೆ ಕೈಯಲ್ಲೇ ಸೂಜಿ ಕೆಲಸ ಮಾಡಿದ್ದು. ಒಂದು ಕಾಲದಲ್ಲಿ ನಮ್ಮ ಮನೆಮನೆಯ ಹೆಂಗಸರು ಹೊಲಿದದ್ದು ಗಲ್ಫಿಗೆ ಹೋಗುತ್ತಿತ್ತು. ನನ್ನ ಉಮ್ಮನೂ ಹೊಲಿಯುತ್ತಿದ್ದರು. ರಾತ್ರಿ ಚಿಮಿಣಿ ದೀಪದ ಎದುರು ಟೊಪ್ಪಿಯ ಅಂಚಿನಲ್ಲಿ ಸಣ್ಣ ಸಣ್ಣ ತೂತಿನ ಸಾಲು ತೆಗೆಯುವುದು ನೋಡುತ್ತಾ ನಾವು ಮಲಗುತ್ತಿದ್ದೆವು. ಈಗ ಮಾಡುವವರು ಬಹಳ ಕಮ್ಮಿ ಆಗಿದ್ದಾರೆ.

ವಿದ್ಯಾನಗರದ ಉದಯಗಿರಿಯಲ್ಲಿ ಕಾಸರಗೋಡು ಸೀರೆಯ ನೇಕಾರರ ಸೊಸೈಟಿ ಉಂಟು. ಅದು ಆದಿತ್ಯವಾರ ಬೇಡ, ಶನಿವಾರ ಹೋಗಿ. ಕೇಳಿದರೆ ಮಗ್ಗ ತೋರಿಸ್ತಾರೆ. ಹತ್ತಿಯ ಸೀರೆ, ಬಣ್ಣ ಹೋಗುವುದಿಲ್ಲ, ಈ ಊರಿನದ್ದೇ ಅಂತ ಗುರುತಿಸುವ ಜಿಐ ಮಾನ್ಯತೆ ಸಿಕ್ಕಿದ್ದು. ನಿಮ್ಮ ಬಜೆಟ್ಟಿಗೆ ತಕ್ಕೊಳ್ಳುವುದು ಕಷ್ಟ ಆಗಬಹುದು, ನೋಡಿ ಬರಲಿಕ್ಕೆ ಏನೂ ಕೊಡಬೇಕಾಗಿಲ್ಲ.

ನಿವೃತ್ತ ಕಂಡಕ್ಟರ್, ನೀರ್ಚಾಲು

ಅತ್ತೆಯವರ ವಿಷಯ. ಬೇಕಲದಲ್ಲಿ ಬಾಗಿಲಿನಿಂದ ಒಳಗೆ ಹೆಚ್ಚಿನ ದಾರಿ ಸಮತಟ್ಟು, ಹುಲ್ಲಿನ ಬಯಲು. ಬುರುಜು ಹತ್ತುವುದು ಮಾತ್ರ ಬೇಡ. ಮರದ ನೆರಳಿನಲ್ಲಿ ಕೂತರೆ ಗಾಳಿ ಬರ್ತದೆ. ಚಂದ್ರಗಿರಿ ಕೋಟೆಗೆ ಏರು ಉಂಟು, ಅಲ್ಲಿ ಅವರನ್ನು ದಣಿಸಬೇಡಿ. ಆ ಹೊತ್ತಿಗೆ ಅವರನ್ನು ಕರಕೊಂಡು ನೀವು ಹತ್ತಿರದ ಕೀಯೂರು ಶಾಸ್ತಾರನ ದೇವಸ್ಥಾನಕ್ಕೆ ಹೋಗಿ, ಯಜಮಾನರು ಮಕ್ಕಳನ್ನು ಕೋಟೆಗೆ ಕರಕೊಂಡು ಹೋಗಲಿ. ಬಸ್ಸಿನಲ್ಲಿ ಮುಂದಿನ ಬದಿ ಹಿರಿಯರಿಗೆ ಸೀಟು ಉಂಟು, ಕಂಡಕ್ಟರಿಗೆ ಹೇಳಿದರೆ ಎಬ್ಬಿಸಿ ಕೊಡ್ತಾರೆ.

ಭಾಷೆಯ ಹೆದರಿಕೆ ನಿಮಗೆ ಬೇಡ. ಬದಿಯಡ್ಕ, ಕುಂಬಳೆ, ಮಧೂರು, ಇಲ್ಲೆಲ್ಲ ಕನ್ನಡದಲ್ಲೇ ಕೇಳಿ. ನನ್ನ ಬಸ್ಸಿನಲ್ಲಿ ಒಂದೇ ಟ್ರಿಪ್ಪಿನಲ್ಲಿ ತುಳು, ಮಲಯಾಳ, ಕನ್ನಡ, ಕೊಂಕಣಿ, ಬ್ಯಾರಿ, ಮರಾಟಿ, ಹವ್ಯಕ ಎಲ್ಲಾ ಕಿವಿಗೆ ಬೀಳುತ್ತಿತ್ತು, ಟಿಕೆಟ್ ಕೊಡುವಾಗ ಅವರವರ ಮಾತಿನಲ್ಲೇ ಉತ್ತರ ಹೇಳಬೇಕು. ಬೇಕಲದ ಕಡೆ ಮಲಯಾಳ ಹೆಚ್ಚು, ಅಲ್ಲಿಯೂ ಜಾಗದ ಹೆಸರು ಹೇಳಿದರೆ ಸಾಕು. ಬಸ್ಸಿನ ಬೋರ್ಡು ಓದ್ಲಿಕ್ಕೆ ಆಗದಿದ್ದರೆ ಬಾಗಿಲಲ್ಲಿ ನಿಂತ ಕಿಳಿಯನ್ನು ಕೇಳಿ. ಕ್ಲೀನರನ್ನು ನಾವು ಹಾಗೆ ಕರೆಯುವುದು.

ಇನ್ನು ಆಟ. ಇದನ್ನು ಕೇಳಿದ್ದು ನನಗೆ ಬಹಳ ಸಂತೋಷ ಆಯ್ತು. ದೀಪಾವಳಿಯ ನಂತರ ಶುರುವಾಗಿ ಮೇ ತಿಂಗಳ ಪತ್ತನಾಜೆಯ ದಿನದ ತನಕ ಯಕ್ಷಗಾನದ ಮೇಳಗಳು ತಿರುಗಾಟದಲ್ಲಿ ಇರ್ತವೆ. ಯಾರಾದರೂ ಹರಕೆ ಹೇಳಿಕೊಂಡವರು ತಮ್ಮ ಗದ್ದೆಯಲ್ಲೋ ಶಾಲೆಯ ಮೈದಾನದಲ್ಲೋ ಆಡಿಸುವುದು. ಅವರಿಗೆ ನೀವು ಹೊರಗಿನವರಲ್ಲ, ಆಟಕ್ಕೆ ಬಂದವರೆಲ್ಲ ಅತಿಥಿಗಳು. ಎಷ್ಟೋ ಕಡೆ ರಾತ್ರಿಯ ಊಟವೂ ಅಲ್ಲೇ. ನಾಚಿಕೆ ಪಡದೆ ಪಂಕ್ತಿಯಲ್ಲಿ ಕೂರಿ, ಉಣ್ಣದೆ ಹೋದರೆ ಅವರಿಗೆ ಬೇಜಾರು.

ಆಟ ಶುರುವಾಗುವ ಒಂದು ಗಂಟೆ ಮೊದಲೇ ಹೋಗಿ, ರಂಗಸ್ಥಳದ ಹಿಂದೆ ಚೌಕಿಗೆ ಮಕ್ಕಳನ್ನು ಕರಕೊಂಡು ಹೋಗಿ. ಚೌಕಿ ಅಂದರೆ ವೇಷ ಹಾಕುವ ಜಾಗ. ಮೊದಲಿಗೆ ಗಣಪತಿಯ ಪೆಟ್ಟಿಗೆಗೆ ಕೈ ಮುಗೀರಿ, ಚಪ್ಪಲಿ ಹೊರಗೆ. ಆಮೇಲೆ ಬದಿಯಲ್ಲಿ ಸುಮ್ಮನೆ ನಿಂತು ನೋಡಿ. ಬಣ್ಣದ ವೇಷದವರು, ಅಂದರೆ ರಾಕ್ಷಸನ ಪಾತ್ರದವರು, ಎದುರಿಗೆ ಸಣ್ಣ ಕನ್ನಡಿ ಇಟ್ಟುಕೊಂಡು ಚುಟ್ಟಿ ಇಡ್ತಾ ಇರ್ತಾರೆ. ಅಕ್ಕಿ ಅರೆದು ಸುಣ್ಣ ಸೇರಿಸಿದ ಹಿಟ್ಟು. ಕಡ್ಡಿಯ ತುದಿಯಲ್ಲಿ ಅದ್ದಿ ಕೆನ್ನೆಯ ಮೇಲೆ ಒಂದು ಚುಕ್ಕಿ, ಅದರ ಪಕ್ಕ ಇನ್ನೊಂದು. ಸಾಲು ಮುಗಿದ ಮೇಲೆ ಒಣಗಿದ ಚುಕ್ಕಿಯ ತಲೆಯ ಮೇಲೆ ಮತ್ತೊಂದು ಚುಕ್ಕಿ, ಅದರ ಮೇಲೆ ಮತ್ತೊಂದು, ಹಾಗೆ ಮುಳ್ಳು ಎದ್ದು ಬರ್ತದೆ. ಅಷ್ಟು ಹೊತ್ತೂ ಬಾಯಿ ಆಡಿಸುವ ಹಾಗಿಲ್ಲ, ಚುಟ್ಟಿ ಬಿರುಕು ಬಿಡ್ತದೆ. ನೀರು ಬೇಕಾದರೂ ಕೈಸನ್ನೆಯಲ್ಲೇ ಕೇಳುವುದು. ಎರಡು ಮೂರು ಗಂಟೆ ಹೀಗೆ ಕೂತು, ಕಿರೀಟ ಕಟ್ಟಿ ಎದ್ದು ನಿಂತ ಮೇಲೆ, ಸಂಜೆ ನಿಮ್ಮ ಎದುರು ಚಾ ಕುಡಿದ ಮನುಷ್ಯ ಇವರೇ ಅಂತ ಗುರುತು ಸಿಗುವುದಿಲ್ಲ. ಈಗ ಕಾಲಮಿತಿಯ ಆಟಗಳು ಹೆಚ್ಚು, ಮಧ್ಯರಾತ್ರಿಯೊಳಗೆ ಮುಗೀತದೆ. ಪೂರ್ತಿ ಕೂರಲಿಕ್ಕೆ ಆಗದಿದ್ದರೂ ರಾಕ್ಷಸನ ಪ್ರವೇಶ ನೋಡಿ ಹೊರಡಿ.

ಫೆಬ್ರವರಿ ಆದ್ದರಿಂದ ಕೋಲ, ಕಳಿಯಾಟವೂ ಸಿಗಬಹುದು. ಹೊಳೆಯ ಆಚೆ ತೆಯ್ಯಂ ಅನ್ನುತ್ತಾರೆ. ವಿಷ್ಣುಮೂರ್ತಿಯ ಒತ್ತೆಕೋಲ ಇದ್ದರೆ ದೈವ ಕೆಂಡದ ರಾಶಿಗೆ ಬೀಳುವುದು ಬೆಳಗಿನ ಜಾವಕ್ಕೆ, ಸಣ್ಣ ಮಗುವಿಗೆ ಅಷ್ಟು ಹೊತ್ತು ಕಷ್ಟ. ಇದು ಪೂಜೆ, ಪ್ರದರ್ಶನ ಅಲ್ಲ. ಎದುರಿಗೆ ನುಗ್ಗಿ ವೀಡಿಯೊ ಮಾಡಬೇಡಿ. ಮುಂದೆ ಕೂತ ಹಿರಿಯರನ್ನು ಕೇಳಿ, ಅವರು ಒಪ್ಪಿದರೆ ದೂರದಿಂದ ಒಂದು ಫೋಟೋ ಸಾಕು.

ಎಲ್ಲಿ ನಡೀತದೆ ಅಂತ ಗೊತ್ತಾಗಲಿಕ್ಕೆ ಬದಿಯಡ್ಕ ಬಸ್‌ಸ್ಟ್ಯಾಂಡಿನ ಗೋಡೆ ನೋಡಿ, ಬ್ಯಾನರ್ ಇರ್ತದೆ. ಮಂಗಳೂರು ಆವೃತ್ತಿಯ ಕನ್ನಡ ಪೇಪರಿನಲ್ಲಿ "ಇಂದಿನ ಯಕ್ಷಗಾನ" ಅಂತ ಸಣ್ಣ ಅಕ್ಷರದ ಪಟ್ಟಿ ಬರ್ತದೆ. ಎಲ್ಲದಕ್ಕಿಂತ ಸುಲಭ, ಮದುವೆ ಮನೆಯಲ್ಲಿ ಅಡುಗೆಗೆ ಬಂದವರನ್ನು ಕೇಳಿ. ಹತ್ತು ಮೈಲಿ ಸುತ್ತಳತೆಯ ಎಲ್ಲಾ ಕಾರ್ಯಕ್ರಮ ಅವರಿಗೆ ಬಾಯಿಪಾಠ.

ಮಂಜೇಶ್ವರ ಟೀಚರ್

ಮದುವೆ ಮುಗಿಸಿ ಮಂಗಳೂರಿಗೆ ಹೋಗುವಾಗ ಮಂಜೇಶ್ವರದಲ್ಲಿ ಒಂದು ಗಂಟೆ ಇಳಿಯಿರಿ ಅಂತ ನನ್ನ ಕೋರಿಕೆ. ರಾಷ್ಟ್ರಕವಿ ಗೋವಿಂದ ಪೈಗಳ ಮನೆ ಇಲ್ಲಿ ಉಂಟು, ಈಗ "ಗಿಳಿವಿಂಡು" ಎಂಬ ಹೆಸರಿನಲ್ಲಿ ಸ್ಮಾರಕ ಆಗಿದೆ. 1883ರಲ್ಲಿ ಹುಟ್ಟಿದವರು. 1949ರಲ್ಲಿ ಮದ್ರಾಸು ಸರಕಾರ ರಾಷ್ಟ್ರಕವಿ ಅಂತ ಗೌರವಿಸಿತು. ಪ್ರಾಸ ಬಿಟ್ಟು ಪದ್ಯ ಬರೆದವರಲ್ಲಿ ಮೊದಲಿಗರು, ಹತ್ತಾರು ಭಾಷೆ ಕಲಿತವರು. ನಾನು ಪ್ರತಿ ವರ್ಷ ನನ್ನ ಕ್ಲಾಸಿನ ಮಕ್ಕಳನ್ನು ಅಲ್ಲಿಗೆ ಕರಕೊಂಡು ಹೋಗ್ತೇನೆ. ಪಠ್ಯದಲ್ಲಿ ಹೆಸರು ಓದಿದ ಕವಿ ನಿಜವಾಗಿ ನಡೆದಾಡಿದ ಜಗಲಿ ಇದು ಅಂದಾಗ ಅವರು ಬಗ್ಗಿ ನೆಲ ಮುಟ್ಟಿ ನೋಡ್ತಾರೆ. ಕರ್ನಾಟಕದ ಮಕ್ಕಳು ಬಂದರೆ ನಮ್ಮ ಮಕ್ಕಳಿಗೂ ಧೈರ್ಯ. ಇಲ್ಲಿ ಕನ್ನಡ ಮೀಡಿಯಂ ಶಾಲೆ ನಡೆಸುವುದು ಎಷ್ಟು ಕಷ್ಟ ಅಂತ ಆಗ ನಿಮಗೂ ಸ್ವಲ್ಪ ತಿಳೀತದೆ. ಪ್ಯಾಸೆಂಜರ್ ರೈಲು ಮಂಜೇಶ್ವರದಲ್ಲಿ ನಿಲ್ತದೆ, ಹೊರಡುವ ಮೊದಲು ಬಾಗಿಲು ತೆರೆದಿರುವ ಸಮಯ ಕೇಳಿಕೊಳ್ಳಿ.

ಬೆಣ್ಣೆನಗರಿ

ಮೇಡಂ, ಖಂಡಿತ ಇಳೀತೀವಿ. ಮಗಳಿಗೆ ಹೇಳ್ದೆ, ಗೋವಿಂದ ಪೈ ಪದ್ಯ ಅವಳಿಗೆ ಪಾಠದಲ್ಲಿ ಇತ್ತಂತೆ.

ಲೆಕ್ಕ ಹಾಕಿದೆ. ಎರಡು ದಿನದ ಬಸ್ಸು, ರೈಲು, ಆಟೋ ಎಲ್ಲಾ ಸೇರಿ ಎಂಟುನೂರು ಒಂಬೈನೂರು. ತಿಂಡಿ, ಊಟ, ಚಾ ಸಾವಿರದ ಇನ್ನೂರರೊಳಗೆ. ಕೋಟೆಗೆ 75. ಅವಿಲ್ ಮಿಲ್ಕ್ ಎಲ್ಲರಿಗೂ ಕೊಡಿಸಿದ್ರೂ ಎರಡೂವರೆ ಸಾವಿರ ದಾಟಲ್ಲ. ಶನಿವಾರ ಅನಂತಪುರ, ಕುಂಬಳೆ, ಮಗ್ಗ, ತಳಂಗರೆ, ಮಧೂರು, ರಾತ್ರಿ ಆಟ. ಭಾನುವಾರ ಎಡನೀರು, ಚಂದ್ರಗಿರಿ, ಬೇಕಲ. ಸರಿ ಇದೆಯಾ ಅಣ್ಣಾ?

ನಿವೃತ್ತ ಕಂಡಕ್ಟರ್, ನೀರ್ಚಾಲು

ಶನಿವಾರಕ್ಕೆ ಹೊರೆ ಜಾಸ್ತಿ ಆಯ್ತು ತಂಗೀ. ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಬರುವವರು ನೀವು. ಮಗ್ಗ, ತಳಂಗರೆ ಎರಡರಲ್ಲಿ ಒಂದನ್ನು ಆರಿಸಿ. ತಳಂಗರೆ ಆದರೆ ಆದಿತ್ಯವಾರ ಬೆಳಿಗ್ಗೆ ಎಡನೀರಿನಿಂದ ಬಂದ ಮೇಲೂ ಆಗ್ತದೆ, ಚಂದ್ರಗಿರಿಗೆ ಹೋಗುವ ಮೊದಲು. ಆಟ ಶನಿವಾರವೇ ಸಿಕ್ಕಿದರೆ ಮಧೂರಿನಿಂದ ಬೇಗ ಹೊರಡಿ, ಕತ್ತಲಾದ ಮೇಲೆ ಒಳ ರೂಟಿನಲ್ಲಿ ಬಸ್ಸು ಕಮ್ಮಿ. ಕಾಸರಗೋಡಿಗೆ ವಾಪಸು ಬಂದು ಬದಿಯಡ್ಕದ ಬಸ್ಸು ಹಿಡೀರಿ, ಕೊನೆಯ ಬಸ್ಸು ಎಷ್ಟು ಗಂಟೆಗೆ ಅಂತ ಬೆಳಿಗ್ಗೆಯೇ ಕೇಳಿಟ್ಟುಕೊಳ್ಳಿ. ಚಿಲ್ಲರೆ ಇಟ್ಟುಕೊಂಡು ಹತ್ತಿ, ಐನೂರರ ನೋಟು ಕೊಟ್ಟರೆ ಬೆಳಿಗ್ಗೆಯ ಟ್ರಿಪ್ಪಿನಲ್ಲಿ ಕಂಡಕ್ಟರಿಗೆ ಕಷ್ಟ. ನಾಯ್ಕಾಪಿಗೆ ಅಂತ ಹತ್ತುವಾಗಲೇ ಹೇಳಿ, ಸ್ಟಾಪು ಸಣ್ಣದು, ಹೇಳದಿದ್ದರೆ ಬಸ್ಸು ಕುಂಬಳೆಗೇ ಹೋಗಿಬಿಡ್ತದೆ.